ತುಟಿಗೆ ಗೊತ್ತಿದ್ದ ಗುಳಿಗೆಗಳು

ಗುಳಿಗೆಯನ್ನು ಕೆಳತುಟಿಯ ಮೇಲಿಟ್ಟುಕೊಂಡು, ಮೇಲ್ತುಟಿಯಿಂದ ಅದರ ಅಂಚನ್ನು ಒಮ್ಮೆ ಸವರಿ, "ಇದು ಬಿ.ಪಿ.ದು" ಎನ್ನುತ್ತಿದ್ದರು ನಮ್ಮ ಅಕ್ಕೋರು. ಸಣ್ಣಗೆ ದುಂಡಗಿದ್ದದ್ದು ಬಿ.ಪಿ.ಗೆ, ದಿನಕ್ಕೆ ಮೂರು. ಉದ್ದಕ್ಕಿದ್ದು ನಡುವೆ ಗೆರೆ ಇದ್ದದ್ದು ಸಕ್ಕರೆ ಕಾಯಿಲೆಗೆ, ಬೆಳಿಗ್ಗೆ ಒಂದೇ. ಜಾರುವ ಕ್ಯಾಪ್ಸೂಲ್ ನರಕ್ಕೆ. ಸುಣ್ಣದ ಹಾಗೆ ತುಟಿಗೆ ಅಂಟುವುದು ಕಿಡ್ನಿಗೆ. ಕಣ್ಣು ಹೋದ ಮೇಲೆ ಕೆಲವು ವರ್ಷ ಈ ಕೆಲಸವನ್ನು ಬೆರಳುಗಳು ಮಾಡಿದವು. ಆಮೇಲೆ ಬೆರಳುಗಳೂ ಜೋಮು ಹಿಡಿದು ಕುಂತವು.

ಅವರು ನನಗೆ ಖಟಕ ಚಿಂಚೋಳಿಯ ಸಾಲೆಯಲ್ಲಿ ಓದು ಕಲಿಸಿದವರು. ನಾನು ಕುರಿ ಸಾಕುವವರ ಮನೆಯವನು. ವಾರದಲ್ಲಿ ಮೂರು ದಿನ ಅಡವಿಯಲ್ಲೇ ಇರುತ್ತಿದ್ದೆ. ಸಾಯಗಾಂವದಿಂದ ಬರುತ್ತಿದ್ದ ಅಕ್ಕೋರು ಒಂದು ದಿನ ಬಸ್ಸಿಳಿದವರೇ ನಮ್ಮ ಮನೆಗೆ ಬಂದು, "ಕುರಿ ಎಣಸಲಿಕ್ಕರ ಲೆಕ್ಕ ಬ್ಯಾಡೇನ್ರಿ? ಕಳಸ್ರಿ ಅವನ್ನ" ಎಂದು ಅಪ್ಪನ ಎದುರು ಜಗಲಿಯ ಮೇಲೆ ಕೂತುಬಿಟ್ಟಿದ್ದರು. ಅಪ್ಪ ಒಪ್ಪುವವರೆಗೆ ಏಳಲಿಲ್ಲ. ಅವರು ಕಲಿಸಿದ ಅಕ್ಷರದಿಂದಲೇ ನಾನಿವತ್ತು ಭಾಲ್ಕಿಯ ಮೆಡಿಕಲ್ ಅಂಗಡಿಯೊಂದರಲ್ಲಿ ಚೀಟಿ ಓದಿ ಔಷಧಿ ಕೊಡುತ್ತೇನೆ.

ಔರಾದ ಕಡೆಯ ಊರೊಂದಕ್ಕೆ ವರ್ಗವಾಗಿ ಹೋದಾಗ ಅವರಿಗೆ ಹಲಗೆಯ ಮೇಲಿನ ಸಾಲುಗಳು ಡೊಂಕಾಗಿ ಕಾಣತೊಡಗಿದವಂತೆ. ಆಗಲೇ ಸಕ್ಕರೆ ಕಾಯಿಲೆ ಹತ್ತು ವರ್ಷ ಹಳೆಯದು. ಎರಡು ಆಪರೇಷನ್ ಆದರೂ ಕಣ್ಣು ಉಳಿಯಲಿಲ್ಲ. ನೌಕರಿ ಬಿಟ್ಟು ಭಾಲ್ಕಿಗೆ, ತಂಗಿಯ ಜೊತೆ ಇರಲು ಬಂದರು. ಅಲ್ಲಿ ಎಡಗಾಲಿನ ಎರಡು ಬೆರಳು ಹೋದವು, ಒಂದು ಕಿವಿ ಮಂದವಾಯಿತು, ಕಿಡ್ನಿ ಕೆಟ್ಟಿತು. ಬೀದರಿನ ಡಾಕ್ಟರುಗಳ ಬಳಿ ಸುತ್ತಿ ಬಂದ ದಿನ ನನ್ನ ಕೌಂಟರಿನ ಮುಂದಿನ ಸ್ಟೂಲಿನ ಮೇಲೆ ಕೂತು ಹೇಳಿದ್ದರು:

"ನರದ ಡಾಕ್ಟರು ನಡೀರಿ ಅಂತಾರ, ಕಾಲಿನ ಡಾಕ್ಟರು ಕಾಲ ನೆಲಕ್ಕ ಊರಬ್ಯಾಡ್ರಿ ಅಂತಾರ. ಗುಳಿಗಿ ನುಂಗಿ ಬಾಯಿ ಒಣಗತದ, ಕಿಡ್ನಿಯವರು ನೀರು ಕಮ್ಮಿ ಕುಡೀರಿ ಅಂತಾರ. ನನ್ನ ಮೈ ಒಂದ ಅದ ತಮ್ಮಾ, ಫೈಲ್ ಐದ ಅವ. ಇಡೀ ನನ್ನ ನೋಡಿದವರು ಒಬ್ಬರೂ ಇಲ್ಲ."

ಜಳಕಕ್ಕೆ ತಂಗಿ, ಸೀರೆ ಉಡಿಸಲು ತಂಗಿ, ಕಕ್ಕಸಿಗೆ ಹೋಗಲೂ ತಂಗಿಯ ಭುಜ. ಗುಳಿಗೆ ಮಾತ್ರ ತಮ್ಮ ಕೈಯಿಂದಲೇ ನುಂಗಬೇಕು ಎಂಬುದು ಅವರ ಹಟ. ತಂಗಿ ಸಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ವಾರಕ್ಕೊಮ್ಮೆ ಗುಳಿಗೆಯ ಪಟ್ಟಿಗಳನ್ನೆಲ್ಲ ಬಿಡಿಸಿ, ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಒಂದೊಂದು ಬಗೆಯನ್ನು ಬೇರೆ ಬೇರೆ ಹಾಕಿಟ್ಟು ಹೋಗುತ್ತಿದ್ದಳು. ಯಾವ ಬಟ್ಟಲು ಯಾವುದೆಂದು ಜೋಮು ಬೆರಳಿಗೆ ತಿಳಿಯದು, ಅದಕ್ಕೇ ತುಟಿ. ನನಗೆ ಅವರು ಹಾಕಿದ್ದ ಕಟ್ಟಪ್ಪಣೆ ಒಂದೇ. "ಕಂಪನಿ ಬದಲಿ ಮಾಡಿದ್ರ ಮದಲ ನನಗ ಹೇಳು. ಒಂದ ಗುಳಿಗಿ ತುಟಿಗಿ ಹಚ್ಚಿ ತೋರ್ಸು." ನಾಲ್ಕು ವರ್ಷ ತಪ್ಪದೆ ಹಾಗೇ ಮಾಡಿದೆ. ಹಾಗೆ ಮಾಡಿದ್ದನ್ನು ಈಗ ಹೇಳಿಕೊಳ್ಳಲಿಕ್ಕೂ ನನಗೆ ನಾಚಿಕೆ.

ತೊಗರಿಯ ಸುಗ್ಗಿ, ಸಂತೆಯ ದಿನ. ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ತಂಗಿ ಚೀಟಿ ಹಿಡಿದು ಬಂದಳು. ಸಕ್ಕರೆ ಗುಳಿಗೆ ಮಾಮೂಲಿ ಕಂಪನಿಯದು ಬಂದಿರಲಿಲ್ಲ, ಬೇರೆಯದನ್ನು ಕೊಟ್ಟೆ. ಔಷಧಿ ಅದೇ, ಅದರಲ್ಲಿ ತಪ್ಪಿಲ್ಲ. ಆದರೆ ಅದು ಸಣ್ಣಗೆ, ದುಂಡಗೆ, ಬೆಳ್ಳಗಿತ್ತು. ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಇನ್ನೊಬ್ಬರು ಮುಖಕ್ಕೆ ಚೀಟಿ ಹಿಡಿದರು, ಆಕೆ ಆಟೋ ಹತ್ತಿದ್ದಳು. ಸಂಜೆ ಹೋಗಿ ಹೇಳಿದರಾಯಿತು ಎಂದುಕೊಂಡವನು ಸಂಜೆ ಮರೆತೇಬಿಟ್ಟೆ.

ತಂಗಿಗೆ ಓದು ಬಾರದು. ದುಂಡಗಿದ್ದದ್ದನ್ನು ಬಿ.ಪಿ. ಬಟ್ಟಲಿನಲ್ಲಿದ್ದವುಗಳ ಮೇಲೆ ಹಾಕಿದಳು. ಸಕ್ಕರೆಯವು ಹಳೆಯವೇ ನಾಲ್ಕು ಉಳಿದಿದ್ದವು, ಹಾಗಾಗಿ ಅವಳಿಗೆ ಅನುಮಾನವೂ ಬರಲಿಲ್ಲ. ಅಕ್ಕೋರ ತುಟಿ ದುಂಡಗಿದೆ ಎಂದು ಸರಿಯಾಗಿಯೇ ಹೇಳಿತು. ಬೆಳಿಗ್ಗೆ ಒಂದು ನುಂಗಬೇಕಾದ ಗುಳಿಗೆ, ಬಿ.ಪಿ.ಯ ಹೆಸರಲ್ಲಿ ಮೂರು ಸೇರಿ, ದಿನಕ್ಕೆ ನಾಲ್ಕಾಯಿತು. ಕಿಡ್ನಿ ಕೆಟ್ಟವರ ಮೈಯಿಂದ ಅದು ಬೇಗ ಇಳಿಯುವುದೂ ಇಲ್ಲ.

ಎರಡನೆಯ ದಿನ ಮಧ್ಯಾಹ್ನ ತಂಗಿಯ ಫೋನು. "ಅಕ್ಕ ಏಳವಲ್ಲಳು ತಮ್ಮಾ. ಮೈಯೆಲ್ಲ ಬೆವತು ತಣ್ಣಗ ಆಗ್ಯದ." ಅಂಗಡಿ ಬಿಟ್ಟು ಓಡಿದೆ. ಬಾಯಿಯ ಹತ್ತಿರ ಸಕ್ಕರೆ ನೀರು ಒಯ್ದರೆ ಕಟಬಾಯಿಯಿಂದ ಹರಿದುಹೋಯಿತು. ಭಾಲ್ಕಿಯ ದವಾಖಾನೆ, ಅಲ್ಲಿಂದ ಬೀದರ. ಮೂರು ದಿನ ಗ್ಲೂಕೋಸ್ ಏರಿಸಿದರು. ಅಕ್ಕೋರು ತಿರುಗಿ ಬಂದರು, ಆದರೆ ಅರ್ಧ ಬಂದರು. ಆಮೇಲೆ ಕೂರಲಿಕ್ಕೂ ಆಸರೆ ಬೇಕಾಯಿತು.

ಮನೆಗೆ ಬಂದ ಮೇಲೆ ಹೋಗಿ ಪಕ್ಕದಲ್ಲಿ ಕೂತೆ. "ಅಕ್ಕೋರ, ತಪ್ಪು ನಂದದರಿ" ಎಂದೆ.

"ಆ ಗುಳಿಗಿ ಪಟ್ಟಿ ಅದ ಏನು?"

"ಅದರಿ."

"ಓದು."

ಹೆಸರು, ಕಂಪನಿ, ಎಷ್ಟು ಮಿಲಿಗ್ರಾಂ, ಎಲ್ಲ ಓದಿದೆ.

"ಛಲೋ ಓದತಿ. ಅವತ್ತ ಯಾಕ ಹೇಳಲಿಲ್ಲ?"

"ಗದ್ದಲ ಇತ್ತರಿ."

"ನನ್ನ ಕೈಯಾಗ ಇದೊಂದ ಉಳದಿತ್ತೋ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಅಡುಗೆಮನೆಯ ಬಾಗಿಲಲ್ಲಿ ತಂಗಿ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಅಕ್ಕ ಓದಲಿ ಎಂದು ತಾನು ಕೂಲಿಗೆ ಹೋದವಳು ಅವಳು. "ನನಗರ ಎರಡ ಅಕ್ಷರ ಬಂದಿದ್ರ" ಎಂದು ತನ್ನನ್ನೇ ಬೈದುಕೊಂಡಳು. ಅವಳದೇನು ತಪ್ಪು? ನಾನೂ ಅಲ್ಲೇ ಅತ್ತೆ.

ಅಂದಿನಿಂದ ದಿನಾ ಮಧ್ಯಾಹ್ನದ ಗುಳಿಗೆ ನಾನೇ ಹೋಗಿ ಕೊಡುತ್ತಿದ್ದೆ. ಇದು ಇಂಥದ್ದು, ಇಂಥ ಕಂಪನಿಯದು ಎಂದು ಗಟ್ಟಿಯಾಗಿ ಹೇಳಿ ತುಟಿಯ ಮೇಲಿಡುತ್ತಿದ್ದೆ, ಒಮ್ಮೆಯಾದರೂ ಸವರಿ ನೋಡಲಿ ಎಂದು. ಅವರು ಸುಮ್ಮನೆ ಬಾಯಿ ತೆರೆಯುತ್ತಿದ್ದರು. "ಏನರ ಇರಲಿ, ಒಳಗ ಹಾಕು" ಎನ್ನುತ್ತಿದ್ದರು. ಯಾವ ಗುಳಿಗೆ ಎಂದು ಮತ್ತೆಂದೂ ಕೇಳಲಿಲ್ಲ.

ಬೇಸಿಗೆಯಲ್ಲಿ ಉಸಿರಿಗೆ ತ್ರಾಸಾಗಿ ಮತ್ತೆ ಬೀದರಿಗೆ ಒಯ್ದೆವು. ಆ ಸಂಜೆಯೇ ತೀರಿಹೋದರು. ಅದಕ್ಕೆ ಮೊದಲು ಬೆಳಿಗ್ಗೆ, ಐದೂ ಫೈಲುಗಳನ್ನು ಕೈಯಲ್ಲಿ ಹಿಡಿದು ಯಾವುದನ್ನು ಬಿಚ್ಚಬೇಕೆಂದು ತಿಳಿಯದೆ ನಿಂತಿದ್ದ ಎಳೆಯ ಡಾಕ್ಟರು, ಏನೇನು ಔಷಧಿ ತಗೊಳ್ತಾರೆ ಎಂದು ಕೇಳಿದರು. ಫೈಲು ನೋಡದೆ ಎಲ್ಲ ಗುಳಿಗೆಗಳನ್ನೂ ಹೇಳಿದೆ. ಹೆಸರು, ಹೊತ್ತು, ಕಂಪನಿ, ಒಂದೂ ತಪ್ಪಲಿಲ್ಲ. ಅವರು ಬರೆದುಕೊಂಡು ತಲೆಯೆತ್ತಿ, "ನೀವು ಇವರಿಗೆ ಏನಾಗಬೇಕು?" ಎಂದರು.

ಇವರ ಹತ್ತಿರ ಓದಿದವನು ಎನ್ನಲು ನನಗೆ ಬಾಯಿ ಬರಲಿಲ್ಲ. "ಗುಳಿಗಿ ಅಂಗಡಿಯಂವರಿ" ಎಂದೆ.