ಹಿಂದಕ್ಕೆ ತಿರುಗದ ಬಸ್ಸಿನ ಕಂಡಕ್ಟ್ರಮ್ಮ

ಚಳಿಗಾಲದ ಮಧ್ಯಾಹ್ನ. ಬೀದಿಯ ತುಂಬ ಹಿತವಾದ ಬಿಸಿಲಿದೆ, ಮೈ ಕಾಯಿಸಿಕೊಳ್ಳಲು ಜನರಿಲ್ಲ. ಲಾಕ್‌ಡೌನ್ ಬಂದ ಮೇಲೆ ನಮ್ಮ ಬಡಾವಣೆಗೆ ಊಟದ ನಂತರದ ಈ ಹೊತ್ತೇ ಕಷ್ಟದ್ದು. ಬೆಳಗ್ಗೆ ಹಾಲು, ತರಕಾರಿ, ಸೋಪು ಎಂದು ಹೇಗೋ ಕಳೆಯುತ್ತದೆ. ಮಧ್ಯಾಹ್ನ ಮಾತ್ರ ಎಲ್ಲರೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಸುಮ್ಮನೆ ಓಡಾಡುತ್ತಾರೆ. ಒಂದು ಮಹಡಿಯಲ್ಲಿ ಯಾರೋ ಕುರ್ಚಿ ಎಳೆಯುತ್ತಾರೆ, ಮತ್ತೆ ಅಲ್ಲೇ ತಂದಿಡುತ್ತಾರೆ. ಎದುರು ಮನೆಯ ಗೇಟಿನ ಚಿಲಕ ಕಟಕಟ ಎನ್ನುತ್ತದೆ.

"ಬಂದೆ ಸಾರ್, ಬಂದೆ. ಕಂಡಕ್ಟರ್ ಇಲ್ದೆ ಗಾಡಿ ತೆಗೀತೀರಾ?"

ಹೀಗೆ ಗದರುತ್ತಲೇ ಹೊರಬರುವ ಹೆಂಗಸಿಗೆ ನಲವತ್ತರ ಆಸುಪಾಸು. ಮೈಮೇಲೆ ಯಾರದೋ ಉದ್ದ ತೋಳಿನ ಸ್ವೆಟರು, ತೋಳನ್ನು ಎರಡು ಮಡಿಕೆ ಮಡಚಿದ್ದಾರೆ. ಚಿಲಕ ಅಲುಗಾಡಿಸುತ್ತಿರುವ ಅಜ್ಜನ ಕೊರಳಿಗೆ ಮಫ್ಲರ್ ಸುತ್ತುತ್ತಾರೆ, ಮುಖಕ್ಕೆ ಮಾಸ್ಕ್ ಕಟ್ಟುತ್ತಾರೆ. ಅಜ್ಜ ಮಾಸ್ಕ್ ಕಿತ್ತೆಸೆಯಲು ಕೈ ಎತ್ತಿದರೆ, "ಡೀಸೆಲ್ ಹೊಗೆ ಸಾರ್, ಇರ್ಲಿ" ಎನ್ನುತ್ತಾರೆ. ಕೈ ಕೆಳಗಿಳಿಯುತ್ತದೆ. ಆಮೇಲೆ ಗೇಟು ತೆರೆದು, ಅದರ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ:

"ರೈಟ್! ರೈಟ್!"

ಅಜ್ಜ ಹೊರಡುತ್ತಾರೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಓಡಿಸಿದವರು ಈ ಡ್ರೈವರ್ ಅಜ್ಜ. ಈಗ ಮರೆವಿನ ಕಾಯಿಲೆ. ಮಗಳ ಹೆಸರು ಹೋಗಿದೆ, ಸ್ನಾನದ ಮನೆಯ ದಾರಿ ಹೋಗಿದೆ, ಮಧ್ಯಾಹ್ನದ ಡ್ಯೂಟಿ ಮಾತ್ರ ಹೋಗಿಲ್ಲ. ಊಟ ಮುಗಿದು ತಟ್ಟೆ ಎತ್ತುವಷ್ಟರಲ್ಲಿ ಅವರ ಕಾಲಿಗೆ ಚಡಪಡಿಕೆ ಶುರುವಾಗುತ್ತದೆ. ನೋಡಿಕೊಳ್ಳಲು ಬಂದವರು ಈಕೆ. ಮೊದಲು ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು, ಆಮೇಲೆ ಮನೆಗಳಲ್ಲೇ ಉಳಿದು ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದವರು. ಈಗ ಬಡಾವಣೆಗೆಲ್ಲ ಕಂಡಕ್ಟ್ರಮ್ಮ.

"ಮೊದಮೊದಲು ಗೇಟ್ ಹತ್ರ ಬಂದು ಕಂಬದ ಹಾಗೆ ನಿಂತುಬಿಡೋರು. ಹೋಗ್ಬೇಕು, ಆದ್ರೆ ಹೋಗಲ್ಲ. ಕೈ ಹಿಡಿದು ಎಳೆದ್ರೆ ಕೊಡವೋರು. ಒಂದಿನ ನಂಗೂ ಸಾಕಾಗಿ ಹೋಗಿತ್ತಮ್ಮ. ಸಿಟ್ಟಲ್ಲಿ ಗೇಟಿಗೆ ಎರಡು ಬಡಿದೆ ನೋಡಿ, ಹೊರಟೇಬಿಟ್ರು. ನಾನು ಚಪ್ಪಲಿ ಹಾಕ್ಕೊಳ್ಳೋಕೂ ಬಿಡಲಿಲ್ಲ!" ಎಂದು ಕಂಡಕ್ಟ್ರಮ್ಮ ನನಗೆ ಹೇಳುತ್ತಾರೆ.

ವಯಸ್ಸಾದವರು, ಕಾಯಿಲೆಯವರು ಮಧ್ಯಾಹ್ನ ಸ್ವಲ್ಪ ಹೊತ್ತು ಬಡಾವಣೆಯೊಳಗೆ ಅಡ್ಡಾಡಬಹುದೆಂದು ಅಪ್ಪಣೆಯಾಗಿದೆ. ನನಗೂ ಮನೆಯೊಳಗೆ ಕಾಲು ನಿಲ್ಲುವುದಿಲ್ಲ. ನಾಲ್ಕು ಮಾರು ಹಿಂದೆ ನಾನೂ ನಡೆಯುತ್ತೇನೆ. ಅಜ್ಜ ತಿರುಗದೆಯೇ ಕೇಳುತ್ತಾರೆ, "ಆ ಅಮ್ಮ ಹತ್ತಿದ್ರಾ?"

"ಹತ್ತಿದ್ರು ಸಾರ್. ಪಾಸ್ ಇದೆ."

ಕಂಡಕ್ಟ್ರಮ್ಮ ಅಜ್ಜನ ಕೈ ಹಿಡಿಯುವುದಿಲ್ಲ. ಬೆನ್ನಿನಿಂದ ಒಂದು ಗೇಣು ದೂರದಲ್ಲಿ ಅವರ ಅಂಗೈ ಗಾಳಿಯಲ್ಲೇ ಇರುತ್ತದೆ. ಅಜ್ಜ ವಾಲಿದರೆ ಅದು ತಾಗುತ್ತದೆ, ಸರಿಯಾದರೆ ಹಿಂದೆ ಸರಿಯುತ್ತದೆ. ಹಿಡಿದುಕೊಂಡು ಹೋಗುತ್ತಿದ್ದಾರೆಂದು ಅಜ್ಜನಿಗೆ ಅನಿಸಬಾರದು. ಹಿಂದಕ್ಕೆ ತಿರುಗೋಣ ಎಂದಂತೂ ಹೇಳಲೇಬಾರದು. ಹೊರಟ ಬಸ್ಸು ನಡುದಾರಿಯಲ್ಲಿ ಹಿಂದಕ್ಕೆ ತಿರುಗುವುದುಂಟೇ? ಅದಕ್ಕೇ ಈಕೆ ಒಂದು ಸುತ್ತು ಕಟ್ಟಿಕೊಂಡಿದ್ದರು. ನಮ್ಮ ಬೀದಿಯ ತುದಿಯಲ್ಲಿ ಎಡಕ್ಕೆ, ಮುಚ್ಚಿರುವ ಕ್ಷೌರದಂಗಡಿಯ ಬಳಿ ಮತ್ತೆ ಎಡಕ್ಕೆ, ಶಾಲೆಯ ಗೋಡೆ ಮುಗಿದಲ್ಲಿ ಮತ್ತೆ ಎಡಕ್ಕೆ, ಅಲ್ಲಿಂದ ನಮ್ಮ ಬೀದಿಯ ಇನ್ನೊಂದು ತುದಿಗೆ. ಎಲ್ಲಿಯೂ ಹಿಂದಿರುಗದೆ, ಮುಂದೆ ಮುಂದೆ ಹೋಗುತ್ತಲೇ ಅಜ್ಜ ಮನೆ ಸೇರುತ್ತಿದ್ದರು. ಒಳಗೆ ಬಂದವರು ಡ್ಯೂಟಿ ಮುಗಿಯಿತೆಂದು ಬೂಟು ಕಳಚಿ, ಮಗುವಿನಂತೆ ಮಲಗುತ್ತಿದ್ದರು.

ಆ ಸುತ್ತು ಒಂದು ದಿನ ಮುರಿಯಿತು. ಶಾಲೆಯ ಗೋಡೆಯ ಪಕ್ಕದ ಮನೆಗಳಲ್ಲಿ ಕಾಯಿಲೆ ಕಾಣಿಸಿಕೊಂಡು, ಬೀದಿಯ ನಡುವೆ ಕಂಬ ನೆಟ್ಟು, ತಗಡು ಹೊಡೆದು ದಾರಿ ಮುಚ್ಚಿದರು.

ಅಜ್ಜ ತಗಡಿನ ಎದುರು ನಿಂತರು. ಮುಂದಿನ ಗಾಡಿ ಸರಿಯಲಿ ಎಂದು ಕಾದರು. ಬಿಸಿಲು ಇಳಿಯಿತು, ಗಾಳಿ ತಣ್ಣಗಾಯಿತು. ಕಂಡಕ್ಟ್ರಮ್ಮ, "ದಾರಿ ಬದಲಾಗಿದೆ ಸಾರ್, ಬೇರೆ ಕಡೆಯಿಂದ ಹೋಗೋಣ" ಎಂದರು.

"ಯಾರು ಹೇಳಿದ್ದು? ಡಿಪೋ ಮ್ಯಾನೇಜರ್ ಹೇಳಿದ್ನಾ?" ಎಂದು ಅಜ್ಜ ರೇಗಿದರು. ತೋಳು ಹಿಡಿದದ್ದೇ ತಡ, ತಳ್ಳಿದರು, ಕೂಗಾಡಿದರು. ಮಹಡಿಯಿಂದ ಯಾರೋ, "ಮನೇಲಿ ಕೂರಿಸ್ರೀ ಅವರನ್ನ! ಟಿವಿ ನೋಡಲ್ವಾ ನೀವು?" ಎಂದು ಬೈದರು. ಕೊನೆಗೆ ಮಗಳು ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ಪಾಠ ಬಿಟ್ಟು ಓಡಿಬಂದು, ಇಬ್ಬರೂ ಸೇರಿ ಎಳೆದುಕೊಂಡು ಹೋದರು.

ಮಾರನೆಯ ದಿನ ಕಂಡಕ್ಟ್ರಮ್ಮ ಒಂದು ಉಪಾಯ ಮಾಡಿದರು. ಅದನ್ನು ಹೇಳುವಾಗ ಈಗಲೂ ನಗುತ್ತಾರೆ, ನಡುವೆಯೇ ನಗು ನಿಲ್ಲಿಸುತ್ತಾರೆ.

"ಬಸ್ಸು ಹಿಂದೆ ತಿರುಗಲ್ಲ, ಆದ್ರೆ ರಿವರ್ಸ್ ಬರತ್ತಲ್ಲ ಅಂತ ನನ್ನ ಬುದ್ಧಿ! ಹಿಂದೆ ಹೋಗಿ ನಿಂತು 'ಬರ್ಲಿ, ಬರ್ಲಿ' ಅಂದೆ. ಬಂದೇಬಿಟ್ರು ಅಮ್ಮ, ಹಿಮ್ಮುಖವಾಗಿ! ಒಂದು ಸಲಾನೂ ತಿರುಗಿ ನೋಡಲಿಲ್ಲ. ಅಷ್ಟು ನಂಬಿಕೆ ಕಂಡಕ್ಟರ್ ಮೇಲೆ. ಅವರ ಕಾಲು ಚರಂಡಿ ಅಂಚಿಗೆ ಸಿಕ್ತು. ನಾನು ಕೆಳಗೆ, ಅವರು ನನ್ನ ಮೇಲೆ. ಅವರ ಮೊಣಕೈ ತರಚಿತು. ಏಳಿಸಿದ್ರೆ, 'ಪ್ಯಾಸೆಂಜರಿಗೆ ಏನಾದ್ರೂ ಪೆಟ್ಟಾಯ್ತಾ ನೋಡು' ಅಂದ್ರು. ಆವತ್ತಿಂದ 'ಬರ್ಲಿ' ಅನ್ನೋ ಮಾತು ನನ್ನ ಬಾಯಲ್ಲಿ ಬಂದಿಲ್ಲ."

ಆಮೇಲೆ ನಡಿಗೆಯೇ ನಿಂತಿತು. ಅಜ್ಜ ಒಳಗಿನಿಂದ ಬಾಗಿಲು ಬಡಿಯುವುದು ನಮ್ಮ ಮನೆಗೂ ಕೇಳುತ್ತಿತ್ತು. ರಾತ್ರಿ ನಿದ್ದೆ ಇಲ್ಲ, ಹಗಲು ಊಟ ಇಲ್ಲ. ಮಗಳು ಕಾಲೇಜಿನಲ್ಲಿ ಪಾಠ ಮಾಡುವವಳು, ಈಗ ಮನೆಯಿಂದಲೇ ಕಂಪ್ಯೂಟರಿನ ಮುಂದೆ. ಪಾಠದ ನಡುವೆ ಬಾಗಿಲು ಬಡಿತ. ಮರೆವಿನವರನ್ನು ಇಟ್ಟುಕೊಳ್ಳುವ ಒಂದು ಆಶ್ರಮಕ್ಕೆ ಆಕೆ ಫೋನು ಮಾಡಿದಳು. ತಿಂಗಳ ಕೊನೆಗೆ ಹಾಸಿಗೆ ಖಾಲಿಯಾಗುತ್ತದೆ ಎಂದು ಅವರು ಹೇಳಿದರು.

"ನಾನು ಅಂಥ ಕಡೆ ಕೆಲಸ ಮಾಡಿದೀನಿ. ಒಳ್ಳೇ ಜನಾನೇ ಇರ್ತಾರೆ, ತಪ್ಪು ಹೇಳಬಾರದು. ಆದ್ರೆ ಮಧ್ಯಾಹ್ನ ಇವರೊಬ್ಬರ ಹಿಂದೆ ಯಾರು ಓಡಾಡ್ತಾರೆ? ಮಾತ್ರೆ ಕೊಟ್ಟು ಕೂರಿಸ್ತಾರೆ" ಎನ್ನುತ್ತಾರೆ ಕಂಡಕ್ಟ್ರಮ್ಮ.

ಮುಚ್ಚಿದ ತಗಡಿಗೆ ಸ್ವಲ್ಪ ಈಚೆ ಒಂದು ಬೇಕರಿಯಿದೆ. ಮುಂಬಾಗಿಲು ಆ ಬೀದಿಗೆ, ಒಲೆಯ ಕೋಣೆಯ ಹಿಂಬಾಗಿಲು ನಮ್ಮ ಬೀದಿಗೆ ಸೇರುವ ಓಣಿಗೆ. ಬೇಕರಿಯವರು ಯಾರೊಂದಿಗೂ ನಯವಾಗಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. 'ಇದು ನಿನ್ನೆಯದಾ?' ಎಂದು ಕೇಳಿದವರಿಗೆ ಬ್ರೆಡ್ಡೇ ಕೊಡದೆ ಕಳಿಸುವ ಮನುಷ್ಯ. ಅವರ ಬಳಿ ಹೋದರು ಈಕೆ. ನಾನು ರಸ್ಕಿಗೆಂದು ದೂರದಲ್ಲಿ ನಿಂತಿದ್ದೆ.

"ಅಣ್ಣ, ಮಧ್ಯಾಹ್ನ ನಮ್ಮನ್ನ ನಿಮ್ಮ ಅಂಗಡಿಯೊಳಗಿಂದ ಹಾಯ್ದು ಹೋಗಕ್ಕೆ ಬಿಡ್ತೀರಾ?"

"ಒಳಗೆ ಯಾರೂ ಬರೋ ಹಾಗಿಲ್ಲ. ಬೋರ್ಡ್ ಓದಕ್ಕೆ ಬರಲ್ವಾ?"

"ಬರತ್ತೆ. ನಾವು ಒಳಗೆ ಬರಲ್ಲ ಅಣ್ಣ, ಹೊರಗೆ ಹೋಗ್ತೀವಿ."

"ಹೊರಗೆ ಹೋಗಕ್ಕೆ ಮೊದಲು ಒಳಗೆ ಬರ್ಬೇಕಲ್ಲ ತಾಯಿ?"

"ಬರ್ಬೇಕು. ಆದ್ರೆ ನಿಲ್ಲಲ್ಲ."

ಬೇಕರಿಯವರು ಬಟ್ಟೆಯಿಂದ ಗಾಜು ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು. "ಯಜಮಾನ್ರು ಏನಾದ್ರೂ ಮುಟ್ತಾರಾ?"

"ಮುಟ್ಟಬಹುದು. ಸುಳ್ಳು ಯಾಕೆ ಹೇಳ್ಲಿ? ಮುಟ್ಟಿದ್ದನ್ನ ನಾನೇ ಒರೆಸಿಕೊಟ್ಟು ಹೋಗ್ತೀನಿ."

"ನೋಡೋಣ" ಎಂದರು. ಅವರ ಬಾಯಿಂದ ಅದು ಬಹಳ ದೊಡ್ಡ ಮಾತು.

ಮಾರನೆಯ ಮಧ್ಯಾಹ್ನ ಬೇಕರಿಯ ಶಟರ್ ಮೇಲೆದ್ದಿತ್ತು. ಒಳಗಿನ ಮೇಜುಗಳನ್ನು ಗೋಡೆಗೆ ಸರಿಸಿ ನಡುವೆ ದಾರಿ ಮಾಡಿದ್ದರು, ಟ್ರೇಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿದ್ದರು. ಬೇಕರಿಯವರು ರಸ್ತೆಯ ಆಚೆ ಬದಿಯಲ್ಲಿ ಕೈಕಟ್ಟಿ, ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿದ್ದರು. ಅಜ್ಜ ಒಳಗೆ ಹೋದರು. ಒಲೆಯ ಬಿಸಿ ತಾಗಿದ್ದೇ ನಿಂತುಬಿಟ್ಟರು.

"ಇಂಜಿನ್ ಕಾದಿದೆ. ಹೀಗೇ ಓಡಿಸಿದ್ರೆ ಕೆಡತ್ತೆ" ಎಂದರು ಅಜ್ಜ.

ಆಗ ರಸ್ತೆಯ ಆಚೆಯಿಂದ ಗಟ್ಟಿ ದನಿ: "ನೀರು ಹಾಕಿಸಿದೀನಿ ಸಾರ್! ಧೈರ್ಯವಾಗಿ ತೆಗೀರಿ!"

ಅಜ್ಜ ತಲೆಯಾಡಿಸಿದರು. ಹಿಂಬಾಗಿಲಿನಿಂದ ಓಣಿಗಿಳಿದು, ಮುಂದೆ ನೋಡುತ್ತಲೇ ಮನೆಗೆ ಬಂದರು.

ಆವತ್ತಿನಿಂದ ದಿನವೂ ಇದೇ ದಾರಿ. ಹಿಂಬಾಗಿಲ ಮೆಟ್ಟಿಲು ತುಸು ಎತ್ತರ. ಒಂದು ದಿನ ನೋಡಿದರೆ ಅಲ್ಲಿ ಇಳಿಜಾರಾಗಿ ಹಲಗೆ ಇಟ್ಟಿದ್ದಾರೆ, ಜಾರದಂತೆ ಅದರ ಮೇಲೆ ಗೋಣಿಚೀಲವನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ಬೇಕರಿಯವರನ್ನು ಕೇಳಿದೆ. "ಮೈದಾ ಮೂಟೆ ಇಳಿಸಕ್ಕೆ ಇಟ್ಟಿರೋದು" ಎಂದು ಮುಖ ತಿರುಗಿಸಿದರು.

ಕಂಡಕ್ಟ್ರಮ್ಮನ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಲಾಕ್‌ಡೌನ್ ಬಿದ್ದಾಗ ಒಂದು ಕೈಚೀಲದ ಬಟ್ಟೆಯೊಂದಿಗೆ ಇಲ್ಲೇ ಸಿಕ್ಕಿಕೊಂಡರು. ಮೈಮೇಲಿನ ಸ್ವೆಟರು ಅಜ್ಜನ ಮಗಳದು. ಊರಲ್ಲಿ ಗಂಡನಿಗೆ ಸೈಕಲ್ ರಿಪೇರಿ ಅಂಗಡಿ. ಸಂಜೆ ಫೋನಿನಲ್ಲಿ ಅವರ ತಮಾಷೆ ನಿಲ್ಲುವುದಿಲ್ಲವಂತೆ. "'ನೀನು ಅಲ್ಲಿ ಡ್ರೈವರ್ ಜೊತೆ ಊರು ಸುತ್ತು, ನನ್ನ ಗಾಡಿ ಇಲ್ಲಿ ಪಂಕ್ಚರ್ ಆಗಿ ನಿಂತಿದೆ' ಅಂತಾರೆ. 'ನೀವೇ ತಾನೆ ಪಂಕ್ಚರ್ ಹಾಕೋರು, ಹಾಕ್ಕೊಳ್ಳಿ' ಅಂತೀನಿ." ನಗುತ್ತಾ ಹೇಳಿದರೂ ಫೋನಿಟ್ಟ ಮೇಲೆ ಒಗೆದು ಒಣಗಿದ್ದ ಬಟ್ಟೆಯನ್ನೇ ಮತ್ತೊಮ್ಮೆ ಕೊಡವಿ ಮಡಚುತ್ತಾರೆ. ಅಜ್ಜನದು ಕಾಲಿನ ಚಡಪಡಿಕೆ, ಈಕೆಯದು ಕೈಯದು.

ನಾಳೆಯಿಂದ ಊರೂರಿನ ನಡುವೆ ಬಸ್ಸು ಬಿಡುತ್ತಾರಂತೆ. ಸುದ್ದಿ ಬಂದಾಗಿನಿಂದ ಈಕೆಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ಒಂದು ವಾರ ಹೋಗಿ ಬರುತ್ತೇನೆ ಎಂದು ಕೇಳಿದರೆ ಮಗಳ ಮುಖ ಬಾಡಿತು. "ನೀವು ಹೋದ್ರೆ ಅಪ್ಪನ್ನ ಆ ಆಶ್ರಮಕ್ಕೇ ಕಳಿಸಬೇಕಾಗತ್ತೆ. ನನ್ನ ಕೈಲಾಗಲ್ಲ."

"ಯಾಕಾಗಲ್ಲ ಅಕ್ಕ? ಗೇಟಿಗೆ ಎರಡು ಬಡೀಬೇಕು, ರೈಟ್ ಅನ್ಬೇಕು."

"ಅಪ್ಪನ ಹತ್ರ ಸುಳ್ಳಾಟ ಆಡಕ್ಕೆ ನಂಗೆ ಬರಲ್ಲ. ಅವರು ನನ್ನಪ್ಪ."

"ಸುಳ್ಳೇನು ಬಂತು? ಅವರ ಬಸ್ಸು ಹೊರಟಿತ್ತು. ನಾನು ಹತ್ಕೊಂಡೆ, ಅಷ್ಟೇ. ನೀವೂ ಹತ್ಕೊಳ್ಳಿ."

ಇಂದು ಮಗಳ ಮೊದಲ ದಿನ. ಗೇಟಿನ ಬಳಿ ನಿಂತು ಅತ್ತ ಇತ್ತ ನೋಡುತ್ತಾಳೆ. ಅವಳ ವಿದ್ಯಾರ್ಥಿಗಳು ಇದೇ ಬೀದಿಯಲ್ಲಿದ್ದಾರೆ. ಗೇಟನ್ನು ಮೆಲ್ಲಗೆ ತಟ್ಟಿ, ತನಗೇ ಹೇಳಿಕೊಂಡಂತೆ "ರೈಟ್" ಎನ್ನುತ್ತಾಳೆ. ಅಜ್ಜ ಕದಲುವುದಿಲ್ಲ.

"ಕಂಡಕ್ಟರ್ ಎಲ್ಲಿ?"

ಗೇಟಿನ ಕಂಬದ ಮರೆಯಿಂದ ಕಂಡಕ್ಟ್ರಮ್ಮ ಹೇಳುತ್ತಾರೆ, "ಡ್ಯೂಟಿ ಬದಲಾಗಿದೆ ಸಾರ್. ಇವರು ಹೊಸಬರು."

ಅಜ್ಜ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಗುರುತು ಹತ್ತುವುದಿಲ್ಲ. ಆದರೂ ದನಿ ಮೆತ್ತಗಾಗುತ್ತದೆ. "ಹೊಸಬಳಾ? ಹೆದರ್ಕೋಬೇಡ ಮಗು, ನಾನಿದೀನಿ. ಗಟ್ಟಿಯಾಗಿ ಹೇಳು, ನಂಗೆ ಮುಂದೆ ಕೇಳಿಸ್ಬೇಕು."

ಮಗಳು ಒಂದು ಗಳಿಗೆ ತಲೆ ತಗ್ಗಿಸುತ್ತಾಳೆ. ಆಮೇಲೆ ಗೇಟು ನಡುಗುವಂತೆ ಎರಡು ಬಡಿದು, "ರೈಟ್! ರೈಟ್!" ಎಂದು ಕೂಗುತ್ತಾಳೆ. ಎರಡು ಮಹಡಿಗಳಲ್ಲಿ ಕಿಟಕಿ ತೆರೆಯುತ್ತದೆ. ಬಸ್ಸು ಹೊರಡುತ್ತದೆ.

ನಾವಿಬ್ಬರೂ ಗೇಟಿನಲ್ಲೇ ಉಳಿಯುತ್ತೇವೆ. ಕಂಡಕ್ಟ್ರಮ್ಮ ಸ್ವೆಟರಿನ ತೋಳು ಬಿಚ್ಚುತ್ತಾರೆ, ಮಡಚುತ್ತಾರೆ. "ಕ್ಷೌರದಂಗಡಿ ದಾಟಿರ್ತಾರೆ ಅಲ್ವಾ ಅಮ್ಮ? ಅಲ್ಲಿ ಕಲ್ಲೆದ್ದಿದೆ, ಹೇಳಕ್ಕೆ ಮರೆತೆ. ನಾನು ಒಂದು ಹೆಜ್ಜೆ ನೋಡ್ಕೊಂಡು ಬರ್ಲಾ?" ಎನ್ನುತ್ತಾರೆ, ಹೋಗುವುದಿಲ್ಲ. ಓಣಿಯ ಕಡೆ ಕಿವಿಯಿಟ್ಟು ನಿಲ್ಲುತ್ತೇವೆ. ಶಟರ್ ಸದ್ದು ಕೇಳುತ್ತದೆ. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಬೇಕರಿಯವರ ದನಿ, "ಇಂಜಿನ್ ಸರಿಯಾಗಿದೆ, ಹೊರಡಿ ಸಾರ್!" ಅದರ ಹಿಂದೆಯೇ ಹೆಣ್ಣು ದನಿಯೊಂದು, "ರೈಟ್!"

ಓಣಿಯ ಬಾಯಲ್ಲಿ ಇಬ್ಬರೂ ಕಾಣಿಸುತ್ತಾರೆ. ಮಗಳ ಅಂಗೈ ಅಪ್ಪನ ಬೆನ್ನಿನಿಂದ ಒಂದು ಗೇಣು ದೂರದಲ್ಲಿದೆ. ಅಜ್ಜನ ಕೊರಳಿನ ಮಫ್ಲರ್ ಅವಳ ಕೊರಳಿನಲ್ಲಿದೆ.

"ಹೊಸ ಕಂಡಕ್ಟರಿಗೆ ಚಳಿ ಆಗತ್ತೆ ಅಂತ ಅವರೇ ಸುತ್ತಿದ್ರು" ಎನ್ನುತ್ತಾಳೆ. ಕಣ್ಣು ಒರೆಸಿಕೊಳ್ಳಲು ಅದೇ ಮಫ್ಲರಿನ ತುದಿ. "ನೀವು ಹೋಗಿ ಬನ್ನಿ ಅಕ್ಕ. ಹಾಸಿಗೆ ಬೇಡ ಅಂತ ಆಶ್ರಮದವರಿಗೆ ಹೇಳಿಬಿಡ್ತೀನಿ."

ಅಜ್ಜ ಒಳಗೆ ಹೋಗಿ ಬೂಟು ಕಳಚುತ್ತಿದ್ದಾರೆ. ಊರಿಗೆ ಹೋಗಿ ಮೊದಲು ಏನು ಮಾಡುತ್ತೀರಿ ಎಂದು ಕಂಡಕ್ಟ್ರಮ್ಮನನ್ನು ಕೇಳುತ್ತೇನೆ.

"ಊರಿನ ಮಾತು ಆಮೇಲೆ. ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ರೆ ಸಾಕಮ್ಮ. ಟಿಕೆಟ್ ತಗೊಂಡು, ಸೆರಗು ಹೊದ್ದು, ಸುಮ್ಮನೆ ಕೂತಿರ್ತೀನಿ." ಸ್ವಲ್ಪ ಯೋಚಿಸಿ ನಗುತ್ತಾರೆ. "ಆ ಬಸ್ಸಿನ ಕಂಡಕ್ಟರ್ ಮೆತ್ತಗೆ ರೈಟ್ ಅಂದ್ರೆ ಮಾತ್ರ ನಂಗೆ ಬಾಯಿ ಮುಚ್ಕೊಂಡಿರೋದು ಕಷ್ಟ."