ಹಬೆದೋಣಿಯಲ್ಲಿ ಹೆಣ್ಣು ನೋಡಿದ್ದು

ಡೌನರ್ಸ್ ಗ್ರೋವ್ ಸ್ಟೇಷನ್ನಿನಲ್ಲಿ ಬೆಳಗ್ಗೆ ರೈಲಿಗೆ ಕಾಯುತ್ತ ನಿಂತರೆ, ಎಂಜಿನ್ನಿಗಿಂತ ಮೊದಲು ಅದರ ಡೀಸೆಲ್ ವಾಸನೆ ಬಂದು ಮೂಗಿಗೆ ಬಡಿಯುತ್ತದೆ. ಮಿಕ್ಕವರಿಗೆ ಅದು ಆಫೀಸಿಗೆ ಹೋಗುವ ವಾಸನೆ. ನನಗೆ ಹೆಣ್ಣು ನೋಡುವ ಶಾಸ್ತ್ರದ ವಾಸನೆ. ನಗಬೇಡಿ. ಆ ಶಾಸ್ತ್ರಕ್ಕೆ ಎಲ್ಲರ ಮನೆಯಲ್ಲೂ ಕೇಸರಿಬಾತಿನ ವಾಸನೆ ಇರುತ್ತದೆ ಎಂಬುದು ನನಗೂ ಗೊತ್ತು. ಆದರೆ ನಮ್ಮ ಸಂಧ್ಯಾಳನ್ನು ನೋಡಿದ್ದು ದೋಣಿಯ ಮೇಲೆ.

ದೋಣಿ ಎಂದರೆ ಅದನ್ನು ನಡೆಸುವವರಿಗೆ ಸಿಟ್ಟು ಬಂದೀತು. ಅದು ಸ್ಟೀಮ್ ಬೋಟ್. ಚಾರಿತ್ರಿಕ ನದಿಯ ಮೇಲೆ ಹಬೆದೋಣಿಯಲ್ಲಿ ನಿಧಾನ ವಿಹಾರ ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದರು. ನಿಧಾನ ಎನ್ನುವುದೊಂದು ನಿಜ. ಹಬೆ ಎಲ್ಲಿತ್ತು ಅಂತ ಕೇಳಿ. ಹಿಂದುಗಡೆ ಒಂದು ಕೆಂಪು ಚಕ್ರ ಸುತ್ತುತ್ತಿತ್ತು, ಮೇಲೆ ಎರಡು ಕರಿಯ ಚಿಮಣಿಗಳಿದ್ದವು, ಹೊಟ್ಟೆಯೊಳಗೆ ಡೀಸೆಲ್ ಎಂಜಿನ್ನು ಕೆಮ್ಮುತ್ತಿತ್ತು. ಚಿಮಣಿಗಳು ಬರೀ ಶೋಕಿಗೆ. ಇನ್ನು ನದಿ. ಕಾವೇರಿಯಲ್ಲಿ ಈಜು ಕಲಿತ ನನಗೆ ಫಾಕ್ಸ್ ನದಿಯನ್ನು ನದಿ ಎನ್ನಲು ಇವತ್ತಿಗೂ ನಾಲಿಗೆ ಏಳುವುದಿಲ್ಲ. ಕ್ಯಾಪ್ಟನ್ನನ ಟೋಪಿ ಹಾಕಿಕೊಂಡ ಒಬ್ಬ ದಢೂತಿ ಮನುಷ್ಯ ಮೈಕು ಹಿಡಿದು ಚರಿತ್ರೆ ಹೇಳುತ್ತಿದ್ದ. ಇಲ್ಲೊಂದು ಹಿಟ್ಟಿನ ಗಿರಣಿ ಇತ್ತು, ಸುಟ್ಟುಹೋಯಿತು. ಅಲ್ಲೊಂದು ಮರದ ಸೇತುವೆ ಇತ್ತು, ಕೊಚ್ಚಿಹೋಯಿತು. ಜನ ಏನೂ ಇಲ್ಲದ ದಂಡೆಯನ್ನು ಫೋಟೋ ತೆಗೆಯುತ್ತಿದ್ದರು. ನಾನೂ ಒಂದು ತೆಗೆದೆ, ಅದು ಬೇರೆ ವಿಷಯ.

ಹೆಣ್ಣು ನೋಡಲು ಬೋಟು ಗೊತ್ತು ಮಾಡಿದ ಬುದ್ಧಿವಂತರು ನಮ್ಮ ಶ್ರೀಕಂಠ ಅಂಕಲ್. ನನಗೂ ಅವರಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ, ಆದರೂ ಊರಿಗೆಲ್ಲ ಅಂಕಲ್ ಆದವರು ನನಗೂ ಅಂಕಲ್ಲೇ. ಲೆಮಾಂಟ್ ದೇವಸ್ಥಾನದಲ್ಲಿ ಪುಳಿಯೋಗರೆ ತಿನ್ನುತ್ತ ಕೂತವರ ನಡುವೆ ಓಡಾಡಿ, ಯಾರ ಮಗಳ ಓದು ಮುಗಿಯಿತು, ಯಾರ ಮಗ ಮನೆ ಕೊಂಡ ಎಂದು ವಿಚಾರಿಸುವುದೇ ಅವರ ಭಕ್ತಿ. ಜೋಡಿ ಕೂಡಿಸುವುದರಲ್ಲಿ ಎತ್ತಿದ ಕೈ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಸಂಧ್ಯಾ ನನ್ನ ಅಕ್ಕನ ಒಬ್ಬಳೇ ಮಗಳು. ಭಾವ ತೀರಿಕೊಂಡ ಮೇಲೆ ಗ್ಲೆಂಡೇಲ್ ಹೈಟ್ಸಿನ ಚಿಕ್ಕ ಮನೆಯಲ್ಲಿ ಅಕ್ಕ ಒಂಟಿಯಾಗಿ ಬೆಳೆಸಿದ ಹುಡುಗಿ. ಓದಿ ಫಾರ್ಮಸಿಸ್ಟ್ ಆಗಿದ್ದಳು. ಶಾಲೆಗೆ ಹೋಗುವಾಗಲೇ ಅವಳ ಎಡಗೈಯಲ್ಲಿ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡು ಮೊಣಕೈವರೆಗೂ ಏರಿತ್ತು. ತೊನ್ನು. ನೋವಿಲ್ಲ, ನವೆಯಿಲ್ಲ, ಯಾರಿಗೂ ಅಂಟುವುದಿಲ್ಲ. ಡಾಕ್ಟರು ಅದು ಚರ್ಮದ ಬಣ್ಣ ಅಷ್ಟೇ ಎಂದರು. ಆದರೆ ನಮ್ಮ ಜನ ಡಾಕ್ಟರಿಗಿಂತ ಹೆಚ್ಚು ಓದಿದವರಲ್ಲವೇ? ಅಕ್ಕ ಅಂದಿನಿಂದ ಮಗಳಿಗೆ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿಯನ್ನೇ ತಂದಳು.

ಆ ಬೋಟಿನ ದಿನಕ್ಕೆ ಮುಂಚೆ ಮನೆಗೆ ಎರಡು ಕಡೆಯವರು ಬಂದು ಹೋಗಿದ್ದರು. ಕಾಫಿ ಕೊಡುವಾಗ ಕೈ ಕಂಡದ್ದೇ ತಡ, ಒಬ್ಬರಿಗೆ ಯಾರದೋ ಮನೆಯ ಸತ್ಯನಾರಾಯಣ ಪೂಜೆ ನೆನಪಾಯಿತು, ಇನ್ನೊಬ್ಬರಿಗೆ ಬೇಬಿ ಸಿಟ್ಟರ್ ಕಾಯುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಕೇಸರಿಬಾತು ಬಿಟ್ಟು, ಕಾರಿನ ಕೀಲಿ ಕೈಯಲ್ಲಿ ಹಿಡಿದು, ಬಾಗಿಲಲ್ಲಿ ನಿಂತು, "ಮನೆಗೆ ಹೋಗಿ ಫೋನ್ ಮಾಡ್ತೀವಿ" ಎಂದರು. ನಿಮಗೆ ಗೊತ್ತಲ್ಲ, ನಮ್ಮವರು ಬೇಡ ಎನ್ನುವುದು ಹಾಗೆಯೇ. ಎದುರಿಗೆ ಕೂತು ಬೇಡ ಎನ್ನುವ ಧೈರ್ಯ ಯಾವ ಗಂಡಿನ ಕಡೆಯವರಿಗೂ ದೇವರು ಕೊಟ್ಟಿಲ್ಲ. ಅದಕ್ಕೆ ಎದ್ದು ನಿಲ್ಲಬೇಕು, ಹೊರಡಲು ದಾರಿ ಇರಬೇಕು.

ಮೂರನೆಯ ಸಲ ಅಕ್ಕ ಹಟ ಹಿಡಿದಳು. ವಿಷಯ ಮೊದಲೇ ತಿಳಿಸಿ, ಒಪ್ಪಿದರೆ ಮಾತ್ರ ಬರಲಿ ಎಂದಳು. ಅಂಕಲ್ ತಲೆಯಾಡಿಸಿದರು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಿಂದ ಬರುವವರು ಎಲ್ಲ ತಿಳಿದೇ ಬರುತ್ತಿದ್ದಾರೆ ಎಂದು ಅಕ್ಕ ಆ ವಾರವೆಲ್ಲ ಹಗುರವಾಗಿ ಓಡಾಡಿದಳು. ಇದು ಆಗೇ ಆಗುತ್ತದೆ ಎಂದು ನಂಬಿಬಿಟ್ಟಿದ್ದಳು. ಅಷ್ಟೊಂದು ನಂಬಿದವಳನ್ನು ನೋಡುವುದೇ ಸಂಕಟ. ಬೋಟಿನ ಹಗ್ಗ ಬಿಚ್ಚಿ ದಡ ಬಿಟ್ಟ ಮೇಲೆ ಅಂಕಲ್ ನನ್ನನ್ನು ಪಕ್ಕಕ್ಕೆ ಕರೆದರು.

"ಹೇಳಿಲ್ಲ ಕಣಯ್ಯಾ. ಹೇಳಿದ್ರೆ ಬರ್ತಾನೇ ಇರ್ಲಿಲ್ಲ. ಈಗ ನೋಡು, ಎದ್ದು ಎಲ್ಲಿಗೆ ಹೋಗ್ತಾರೆ? ಎರಡು ಗಂಟೆ ಜೊತೇಲಿ ಕೂತ್ರೆ ನಮ್ಮ ಹುಡುಗಿ ಯಾರಿಗಾದ್ರೂ ಇಷ್ಟ ಆಗ್ತಾಳೆ."

ಎಂಥ ಮೇಧಾವಿ ನೋಡಿ! ನಾವೂ ಎಲ್ಲಿಗೂ ಹೋಗುವ ಹಾಗಿಲ್ಲ ಎಂಬುದು ಆ ತಲೆಗೆ ಹೊಳೆದೇ ಇರಲಿಲ್ಲ.

ಶುರುವಿನಲ್ಲಿ ಅವರ ಲೆಕ್ಕಾಚಾರ ಸರಿಯಾಗಿಯೇ ಇದ್ದಂತೆ ಕಂಡಿತು. ಹುಡುಗ ಕಿರಣ್ ಕಾರು ಕಂಪನಿಯ ಎಂಜಿನಿಯರು, ನೋಡಲು ಲಕ್ಷಣವಾಗಿದ್ದ. ಸಂಧ್ಯಾಳೂ ಅವನೂ ಟೋಪಿಯವನ ಚರಿತ್ರೆಯನ್ನು ಅಣಕಿಸುತ್ತ ನಗುತ್ತಿದ್ದರು. ಬಿಸಿಲು ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ದಾಟಿತ್ತು. ಹುಡುಗನ ತಾಯಿ ಧಾರವಾಡದ ಕಡೆಯವರು, ಸಕ್ಕರೆಯಂಥ ಮಾತು. ಇಷ್ಟು ಸೆಖೆಯಲ್ಲಿ ಈ ಹುಡುಗಿ ತುಂಬು ತೋಳು ಹಾಕಿದೆಯಲ್ಲ ಎಂದು ಅಕ್ಕರೆಯಿಂದಲೇ ಕೇಳಿದರು. ಎಲ್ಲ ತಿಳಿದವರು ಹೀಗೇಕೆ ಕೇಳುತ್ತಾರೆ ಎಂದು ಅಕ್ಕನ ಮುಖ ಸಣ್ಣಗಾಯಿತು. ಆಮೇಲೆ ಸಂಧ್ಯಾ ಚಿತ್ರಾನ್ನದ ತಟ್ಟೆಯನ್ನು ಮೇಜಿನಾಚೆ ಚಾಚಿದಳು. ಅಂಗಿಯ ತೋಳು ಹಿಂದಕ್ಕೆ ಸರಿಯಿತು.

ಆ ತಾಯಿ ಚಮಚ ಕೆಳಗಿಟ್ಟರು. ವ್ಯಾನಿಟಿ ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತು, "ಮನಿಗೆ ಹೋಗಿ ಫೋನ್ ಮಾಡ್ತೀವ್ರಿ" ಎಂದರು. ಗಂಡ ಎದ್ದರು. ಮಗನೂ ಎದ್ದ. ಬೋಟು ಆಗಿನ್ನೂ ಹಿಂತಿರುಗುವ ಜಾಗಕ್ಕೇ ಬಂದಿರಲಿಲ್ಲ. ಮೂವರೂ ಡೆಕ್ಕಿನ ಆ ತುದಿಯವರೆಗೆ ಗಂಭೀರವಾಗಿ ನಡೆದು, ನೀರು ನೋಡಿ, ಇನ್ನೆಲ್ಲೂ ನೆರಳಿಲ್ಲದೆ ವಾಪಸು ಬಂದು ನಮ್ಮೆದುರಿಗೇ ಕೂತರು. ಚಿತ್ರಾನ್ನ ಹಾಗೇ ಇತ್ತು. ಅಂಕಲ್ ಬಾತ್‌ರೂಮಿಗೆ ಹೋದವರು ದಡ ಸೇರುವವರೆಗೆ ಹೊರಗೆ ಬರಲಿಲ್ಲ. ಟೋಪಿಯವನು ಇಲ್ಲೊಂದು ಹೋಟೆಲಿತ್ತು ಎನ್ನುತ್ತಿದ್ದ.

ಸಂಧ್ಯಾ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೇ ಬೆಳೆದವಳು. ಅವಳ ಬಾಯಲ್ಲಿ ಒಂದು ಇಡೀ ಕನ್ನಡ ವಾಕ್ಯ ನಾನು ಕೇಳಿದ್ದು ಕಡಿಮೆ. ಅವತ್ತು ಒಂದೊಂದೇ ಮಾತು ಹುಡುಕಿ ಕನ್ನಡದಲ್ಲೇ ಕೇಳಿದಳು.

"ಫೋನ್ ಯಾಕೆ ಆಂಟಿ? ಇಲ್ಲೇ ಕೂತಿದೀವಲ್ಲ. ಈಗ್ಲೇ ಹೇಳಿ."

ಆಕೆಯ ಸಕ್ಕರೆಯೆಲ್ಲ ಒಣಗಿಹೋಯಿತು. ಗಂಡನ ಕಡೆ ನೋಡಿದರು, ಆತ ಕೂಲಿಂಗ್ ಗ್ಲಾಸು ಒರೆಸುತ್ತಿದ್ದರು. "ನಮ್ಮದೇನಿಲ್ಲವ್ವಾ. ನಾಳೆ ಮಕ್ಕಳಿಗೆ ಬಂದ್ರ ಏನ್ ಮಾಡೂದು?" ಎಂದರು ಕೊನೆಗೆ.

ಸಂಧ್ಯಾ ಕಿರಣನ ಕಡೆ ತಿರುಗಿದಳು. ಎಂಜಿನಿಯರ್ ಸಾಹೇಬರು ಬಾತುಕೋಳಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅಂಥ ಗಂಡಸನ್ನು ಹೆತ್ತ ತಾಯಿ ನಾಳಿನ ಮಕ್ಕಳಿಗೆ ಏನು ಬಂದೀತೋ ಎಂದು ಚಿಂತಿಸುತ್ತಿದ್ದರು! ಸಂಧ್ಯಾ ಓಕೆ ಎಂದು, ಸೆಖೆಗೆ ಎರಡೂ ತೋಳುಗಳನ್ನು ಮೊಣಕೈ ಮೇಲಕ್ಕೆ ಮಡಿಸಿಕೊಂಡಳು. ಅಕ್ಕನ ಕೈ ತನ್ನಷ್ಟಕ್ಕೆ ತಾನೇ ಹೋಗಿ ಎಡತೋಳನ್ನು ಕೆಳಕ್ಕೆಳೆಯಿತು.

"ಅಮ್ಮ, ಅವರು ನೋಡಿ ಆಯ್ತು," ಎಂದಳು ಸಂಧ್ಯಾ. "ಇನ್ನು ಯಾರಿಂದ ಮುಚ್ಚಿಡ್ತೀಯಾ?"

ಅಕ್ಕ ಹಿಡಿದ ತೋಳು ಬಿಡಲಿಲ್ಲ. ದಡ ಸೇರುವವರೆಗೂ ಹಾಗೆಯೇ ಕೂತಿದ್ದಳು.

ಇಷ್ಟಕ್ಕೇ ಮುಗಿಯಲಿಲ್ಲ. ಸೋಮವಾರ ಸಂಜೆ ಫೋನು ಬಂದೇಬಿಟ್ಟಿತು, ಮಾಡಿದವನು ಕಿರಣ್. ನಾನು ಆಗ ಅಕ್ಕನ ಮನೆಯಲ್ಲೇ ಇದ್ದೆ. ತನಗೇನೂ ಅಭ್ಯಂತರವಿಲ್ಲ, ಅಮ್ಮ ನಿಧಾನವಾಗಿ ಸರಿಹೋಗುತ್ತಾರೆ, ಸದ್ಯಕ್ಕೆ ಅವರಿಗೆ ಹೇಳದೆ ನಡುದಾರಿಯ ಕಲಮಜೂ ಎಂಬ ಊರಿನಲ್ಲಿ ಎಲ್ಲಾದರೂ ಭೇಟಿಯಾಗೋಣ ಎಂದನಂತೆ. ಸಂಧ್ಯಾ ಇಂಗ್ಲಿಷಿನಲ್ಲಿ, ಬೋಟಿನ ಮೇಲೆ ನಿನಗೆ ಒಂದು ಇಡೀ ಗಂಟೆ ಇತ್ತು ಎಂದು ಹೇಳಿ ಇಟ್ಟುಬಿಟ್ಟಳು. ನಾನು ಭೇಷ್ ಎಂದೆ. ಅಕ್ಕ ಮಾತ್ರ ಎದ್ದು ಒಳಗೆ ಹೋದಳು. ಆಮೇಲೆ ಎಷ್ಟೋ ದಿನ ಮಗಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಕೈಗೆ ಬಂದ ಸಂಬಂಧ ಹಾಳು ಮಾಡಿದಳೆಂದು ಮುನಿಸು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅಕ್ಕನೂ ಅದೇ ಜಾತಿ ಎಂದು ಒಳಗೊಳಗೇ ಹಂಗಿಸಿದ್ದೂ ಉಂಟು.

ಸಂಧ್ಯಾಳಿಗೆ ಮದುವೆಯಾಯಿತೇ ಎಂದು ನೀವು ಕೇಳಿಯೇ ಕೇಳುತ್ತೀರಿ, ನೀವೂ ನಮ್ಮವರೇ ತಾನೇ. ಆಯಿತು. ಅವಳಿಗೆ ಬೇಕಾದಾಗ, ಬೇಕಾದವನ ಜೊತೆ. ಶ್ರೀಕಂಠ ಅಂಕಲ್ ಅದೂ ತಮ್ಮಿಂದಲೇ ಎನ್ನುತ್ತಾರೆ.

ಕಳೆದ ಭಾನುವಾರ ಅಕ್ಕನನ್ನು ಲೆಮಾಂಟಿನಿಂದ ಕರೆದುಕೊಂಡು ಬರುತ್ತಿದ್ದೆ. ಈಗ ಅವಳಿಗೆ ವಯಸ್ಸಾಗಿದೆ, ಕಾರಿನಲ್ಲಿ ಹೆಚ್ಚು ಮಾತಾಡುವುದಿಲ್ಲ. ಇದ್ದಕ್ಕಿದ್ದಂತೆ, ಆ ಬೋಟಿನಲ್ಲಿ ಒಂದು ಸಲ ಕೂರಬೇಕು, ಸಂಧ್ಯಾಳನ್ನೂ ಕರೆ ಎಂದಳು. ನನಗೆ ರೇಗಿತು. ಹಬೆಯಿಲ್ಲದ ಹಬೆದೋಣಿ, ಶೋಕಿಯ ಚಿಮಣಿ, ಸುಟ್ಟ ಗಿರಣಿ, ಬಾತುಕೋಳಿ ನೋಡುವ ಎಂಜಿನಿಯರು ಎಂದು ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. ನೋಡಿದ್ದೆಲ್ಲ ಸಾಲದೇ, ಮತ್ತೇನು ನೋಡುತ್ತೀಯ ಅಲ್ಲಿ ಎಂದೆ.

ಅಕ್ಕ ನಾನು ಮುಗಿಸುವವರೆಗೆ ಕಾದಳು.

"ಆ ಹುಡುಗನ ತಾಯಿ ಆ ಕೈನ ಒಂದು ಸಲ ನೋಡಿದಳು. ನಾನು ಅವತ್ತೆಲ್ಲಾ ಅದನ್ನೇ ನೋಡ್ತಾ ಕೂತಿದ್ದೆ," ಎಂದಳು. "ಸಂಧ್ಯಾ ಅಷ್ಟೊಂದು ನಕ್ಕಳು ಅಂತೀಯಲ್ಲ, ಅವಳ ಮುಖ ಹೆಂಗಿತ್ತು ಅಂತ ನನಗೆ ನೆನಪೇ ಇಲ್ಲ ಕಣೋ."