ಹಲಗೆ ಹಾಕದ ವರ್ಷ

ನನ್ನ ಗಂಡನ ಅಣ್ಣನಿಗೆ ಎಲ್ಲದರಲ್ಲೂ ಪಾಠ ಕಾಣುತ್ತದೆ. ಬಸ್ಸು ತಪ್ಪಿದರೆ ತಾಳ್ಮೆಯ ಪಾಠ, ಹಾಲು ಉಕ್ಕಿದರೆ ದೇವರ ಕೃಪೆಯ ಪಾಠ, ತೆಂಗಿನಕಾಯಿ ತಲೆಯ ಪಕ್ಕ ಬಿದ್ದರೆ ಕಾವಲು ದೂತರ ಪಾಠ. ತಲೆಯ ಮೇಲೆಯೇ ಬಿದ್ದಿದ್ದರೂ ಏನೋ ಒಂದು ಹುಡುಕುತ್ತಿದ್ದರು, ಮಹಾನುಭಾವರು. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಹೊಳೆಬದಿ ವಾರ್ಡಿಗೆ ಅವರೇ ಗುರಿಕಾರ, ಮುಖಂಡ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಡಿ ಜಪಮಾಲೆ ಹೇಳುತ್ತೇವೆ. ಆಮೇಲೆ, ದಿನನಿತ್ಯದ ಬದುಕಿನಲ್ಲಿ ದೇವರು ಏನು ಕಲಿಸಿದರು ಎಂದು ಒಬ್ಬೊಬ್ಬರೂ ಹೇಳಬೇಕು. ಉಳಿದವರು ತಡವರಿಸುವಾಗ ಭಾವ ನಿರರ್ಗಳವಾಗಿ ಹೇಳುತ್ತಾರೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಮೊದಮೊದಲು ಒರೆಸಿಕೊಂಡವಳೇ.

ನಮ್ಮ ಮನೆ ಇರುವುದು ಮರವಂತೆ ದಾಟಿ ಒಳಗೆ ತಿರುಗಿದರೆ ಸಿಗುವ ಹೊಳೆಯ ದಡದಲ್ಲಿ. ಮಳೆಗಾಲದಲ್ಲಿ ಹೊಳೆಯ ನೀರು ಸಿಹಿ. ಮಳೆ ನಿಂತ ಮೇಲೆ ಭರತಕ್ಕೆ ಕಡಲು ಉಬ್ಬಿದಾಗ ಉಪ್ಪುನೀರು ಹೊಳೆಯೊಳಗೆ ಏರುತ್ತದೆ. ಅದನ್ನು ತಡೆಯುವುದಕ್ಕೇ ಕಿಂಡಿ ಅಣೆಕಟ್ಟು ಇರುವುದು. ದೀಪಾವಳಿ ಕಳೆದ ಮೇಲೆ ಊರಿನವರೆಲ್ಲ ಸೇರಿ ಕಿಂಡಿಗಳಿಗೆ ಎರಡು ಸಾಲು ಮರದ ಹಲಗೆ ಇಳಿಸಿ, ನಡುವೆ ಜೇಡಿಮಣ್ಣು ತುಂಬಿ ಮೆಟ್ಟುತ್ತಾರೆ. ಆ ಕೆಲಸ ತಡವಾದರೆ ಮುಗಿಯಿತು, ಉಪ್ಪು ಒಳಗೆ ಬಂದು ಕೂತುಬಿಡುತ್ತದೆ, ಬಾವಿಗೂ ಇಳಿಯುತ್ತದೆ. ಹಲಗೆಗಳನ್ನು ಇಡುವುದು ಭಾವನ ಕೊಟ್ಟಿಗೆಯಲ್ಲಿ. ಮಾವನವರ ಕಾಲದಿಂದಲೂ ಅವರ ಮನೆಯವರು ದಿನ ಹೇಳದೆ ಊರಿನವರು ಹಲಗೆ ಮುಟ್ಟುವುದಿಲ್ಲ. ಅಷ್ಟು ನಂಬಿಕೆ.

ನಮ್ಮ ಬಾವಿಯ ನೀರು ಕಲ್ಲುಸಕ್ಕರೆಯಂಥದ್ದು. ಕಡಲಬದಿಯ ಮೀನುಗಾರರ ಮನೆಗಳಲ್ಲಿ ಬಾವಿ ತೋಡಿದರೆ ಉಪ್ಪೇ. ಹಾಗಾಗಿ ಅಲ್ಲಿನ ಒಬ್ಬಾಕೆ, ಮೀನು ಮಾರುವವಳು, ಮದುವೆಯಾಗಿ ಬಂದಂದಿನಿಂದ ಕುಡಿಯುವ ನೀರಿಗೆ ನಮ್ಮ ಬಾವಿಗೇ ಬರುತ್ತಿದ್ದಳು. ನಮ್ಮ ಅತ್ತೆ ಅವಳಿಗೆ ಬಾವಿಕಟ್ಟೆಯ ಗೂಟದಲ್ಲಿ ಜಾಗ ಕೊಟ್ಟಿದ್ದರು, ಅವಳ ಹಗ್ಗ, ಸೇದುವ ಕೊಡಪಾನ ಅಲ್ಲೇ ತೂಗುತ್ತಿತ್ತು. ಅತ್ತೆ ಎಂದೂ ಪಾಠ ಹೇಳಿದವರಲ್ಲ. ಬಾಯಾರಿದವರಿಗೆ ನೀರು ಇಲ್ಲ ಅನ್ನಬಾರದು ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು. ನಾನು ಕಂಡ ಕ್ರಿಸ್ತುವ ಧರ್ಮ ಅಂದರೆ ಆ ಗೂಟವೇ.

ಆ ವರ್ಷ ಭಾವ ಅಣೆಕಟ್ಟಿನ ಮೇಲ್ಬದಿಯ ಗದ್ದೆಯನ್ನು ಅಗೆಸಿ ಸಿಗಡಿ ಕೆರೆ ಮಾಡಿದ್ದರು. ಸಿಗಡಿಗೆ ಉಪ್ಪುನೀರು ಬೇಕು. ಹಲಗೆ ಬಿದ್ದರೆ ಉಪ್ಪು ಬರುವುದೆಲ್ಲಿಂದ? ದೀಪಾವಳಿ ಕಳೆಯಿತು, ಭಾವ ಮಾತೆತ್ತಲಿಲ್ಲ. ಕೇಳಿದವರಿಗೆ ಹಲಗೆ ಹುಳು ಹಿಡಿದಿದೆ, ಹೊಸತು ಬರಬೇಕು ಎಂದರು. ಕ್ರಿಸ್ಮಸ್ ಬಂತು. ಎಲ್ಲದಕ್ಕೂ ದೇವರು ಸಮಯ ಇಟ್ಟಿದ್ದಾರೆ ಎಂದರು. ನಾನೇ ಒಂದು ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ನೋಡಿದೆ. ಹಲಗೆಗಳು ಗಟ್ಟಿಮುಟ್ಟಾಗಿ, ಸಾಲಾಗಿ ನಿಂತಿದ್ದವು. ಮನೆಗೆ ಬಂದು ಗಂಡನಿಗೆ ಹೇಳಿದರೆ, ಅಣ್ಣನ ಹತ್ತಿರ ಯಾರು ಹೇಳುವುದು ಎಂದು ಪೇಪರು ಬಿಡಿಸಿಕೊಂಡರು. ಊರಿನವರೂ ಹೇಳಲಿಲ್ಲ. ಅರ್ಧ ಜನರ ಮಕ್ಕಳಿಗೆ ಆ ಕೆರೆಯಲ್ಲೇ ಕೆಲಸ. ಓದುವುದು ಶಾಸ್ತ್ರ, ಇಕ್ಕುವುದು ಗಾಳ ಅಂತ ಗಾದೆ ಮಾಡಿದವರು ನಮ್ಮ ಭಾವನನ್ನು ನೋಡಿಯೇ ಮಾಡಿರಬೇಕು.

ಜನವರಿ ಮುಗಿಯುವುದರೊಳಗೆ ಒಂದು ಬೆಳಿಗ್ಗೆ ಮೀನಿನವಳು ಸೇದಿದ ನೀರನ್ನು ಬೊಗಸೆಯಲ್ಲಿ ಕುಡಿದು ನನ್ನ ಮುಖ ನೋಡಿದಳು.

"ಬಾಯಮ್ಮ, ನೀರ್ ಉಪ್ಪ್ ಆಯ್ತಲೆ."

ನಮ್ಮ ಹೆಂಗಸರನ್ನು ಊರಿನವರು ಕರೆಯುವುದೇ ಹಾಗೆ, ಬಾಯಮ್ಮ. ನಾನೂ ಕುಡಿದು ನೋಡಿದೆ. ಹೌದು. ಅವಳ ಮಗಳು ಬಾಣಂತಿ, ಮನೆಗೆ ಬಂದಿದ್ದಳು. ಅವಳಿಗೆ ಕುಡಿಸಲಾದರೂ ಒಳ್ಳೆಯ ನೀರು ಬೇಕಲ್ಲ ಎಂದು ಮತ್ತೊಮ್ಮೆ ಸೇದಿದಳು, ತಳದಲ್ಲಿ ಸಿಹಿ ಇರಬಹುದು ಅಂದುಕೊಂಡು. ತಳದಲ್ಲಿ ಇನ್ನೂ ಹೆಚ್ಚು ಉಪ್ಪು. ಬೇಸಗೆ ಇನ್ನೂ ಬಂದೇ ಇರಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಪ್ರಾರ್ಥನಾಕೂಟ ನಮ್ಮ ಮನೆಗೆ ಬಂತು. ಗಂಡ ಕುಂದಾಪುರದಿಂದ ಕ್ಯಾನಿನ ನೀರು ತಂದಿಟ್ಟಿದ್ದರು. ನಾನು ಅದನ್ನು ಮುಟ್ಟಲಿಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಕ್ರಮ. ಎಲ್ಲರಿಗೂ ಬೆಲ್ಲದ ತುಂಡು ಕೊಟ್ಟೆ, ಲೋಟದಲ್ಲಿ ಬಾವಿಯ ನೀರೇ ಕೊಟ್ಟೆ. ಒಂದು ಗುಟುಕು ಕುಡಿದವರು ಹುಳಿ ತಿಂದವರಂತೆ ಮುಖ ಮಾಡಿ ಲೋಟವನ್ನು ಕುರ್ಚಿಯ ಕೆಳಗೆ ಇಟ್ಟರು. ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಕುಡಿಯಲಿ ಇವತ್ತು ಎಂದು ನಾನು ಭಾವನನ್ನೇ ನೋಡುತ್ತಾ ನಿಂತೆ. ಅವರ ಮುಖ ಒಮ್ಮೆಯಾದರೂ ಬಾಡಬೇಕಿತ್ತು ನನಗೆ. ಅಷ್ಟೇ ಆಸೆ.

ಭಾವ ಕಣ್ಣು ಮುಚ್ಚಿ ಲೋಟವನ್ನು ತಳದವರೆಗೆ ಕುಡಿದರು. ಜಪಮಾಲೆ ಮುಗಿದ ಮೇಲೆ ಎದ್ದು ನಿಂತರು. ಶಿಲುಬೆಯ ಮೇಲೆ ನಮ್ಮ ಸ್ವಾಮಿ ಬಾಯಾರಿಕೆ ಎಂದಾಗ ಹುಳಿರಸ ಕೊಟ್ಟರು, ಅವರು ಅದನ್ನೂ ಸ್ವೀಕರಿಸಿದರು, ಇವತ್ತು ಈ ಮನೆಯಲ್ಲಿ ದೇವರು ನನಗೂ ಅದೇ ಪಾಠ ಕಲಿಸಿದರು ಎಂದರು. ದನಿ ನಡುಗುತ್ತಿತ್ತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನನ್ನ ಸರದಿ ಬಂತು. ನಮ್ಮ ಮನೆಮಾತು ಕೊಂಕಣಿ, ಅದರಲ್ಲೇ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದರಲ್ಲಿ ಪಾಠಗೀಠ ಏನೂ ಇಲ್ಲ ಭಾವ. ನೀವು ಹಲಗೆ ಹಾಕಿಸಲಿಲ್ಲ, ಬಾವಿ ಉಪ್ಪಾಯಿತು. ಹಲಗೆ ನಿಮ್ಮ ಕೊಟ್ಟಿಗೆಯಲ್ಲಿ ಚೆನ್ನಾಗಿಯೇ ಇದೆ."

ಗಂಡ ನೆಲ ನೋಡುತ್ತಿದ್ದರು. ಭಾವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವರನ್ನು ಮನುಷ್ಯ ಅನ್ನುತ್ತಿದ್ದೆ. ಮೆಲ್ಲಗೆ ಎಲ್ಲರ ಕಡೆ ತಿರುಗಿ, ನಮ್ಮ ತಂಗಿಯ ಮನಸ್ಸಿಗೆ ಶಾಂತಿ ಸಿಗಲಿ ಎಂದು ಒಂದು ನಮೋ ಮರಿಯ ಪ್ರಾರ್ಥನೆ ಹೇಳೋಣ ಎಂದರು. ಎಲ್ಲರೂ ಮೊಣಕಾಲೂರಿದರು. ನನ್ನ ಗಂಡನೂ ಊರಿದರು. ನನ್ನದೇ ಮನೆಯಲ್ಲಿ, ನನ್ನದೇ ಚಾಪೆಯ ಮೇಲೆ ನನ್ನ ಸಿಟ್ಟು ಇಳಿಯಲೆಂದು ಬೇಡಿದರು. ಬಾವಿಗಾಗಿ ಯಾರೂ ಏನೂ ಬೇಡಲಿಲ್ಲ. ನಾನೊಬ್ಬಳು ನೀರು ಉಳಿದ ಲೋಟಗಳ ತಟ್ಟೆ ಹಿಡಿದು ನಿಂತೇ ಇದ್ದೆ.

ಮರುದಿನ ಬೆಳಿಗ್ಗೆ ಮೀನಿನವಳು ಬಂದಳು. ನೀರು ಹೊರುವ ಕೊಡ ತಂದಿರಲಿಲ್ಲ. ಪಂಚಾಯತಿನ ಟ್ಯಾಂಕರು ಇನ್ನು ಮೇಲೆ ಅವರ ಕೇರಿಗೆ ಬರುತ್ತದಂತೆ. ನಿನ್ನೆಯ ಪ್ರಾರ್ಥನೆ ದಾರಿಯವರೆಗೆ ಕೇಳಿಸಿತ್ತು ಅಂದಳು.

"ನೀರಿಗಂದೇಳಿ ಪ್ರಾರ್ಥನೆ ಮಾಡಿದ್ದಾ ಬಾಯಮ್ಮ?"

ಅಲ್ಲ, ನನಗೋಸ್ಕರ ಮಾಡಿದ್ದು ಎಂದೆ. ಅವಳು ಬಾವಿಕಟ್ಟೆಗೆ ಹೋಗಿ ಗೂಟದಿಂದ ಹಗ್ಗ ಬಿಚ್ಚಿ, ಸುತ್ತಿ, ಕೊಡಪಾನದೊಳಗೆ ಇಟ್ಟುಕೊಂಡಳು.

"ಬತ್ತೆ ಬಾಯಮ್ಮ," ಅಂದಳು.

ಬರುವುದಕ್ಕೆ ಇನ್ನೇನಿತ್ತು? ಗೂಟ ಮಾತ್ರ ಈಗಲೂ ಅಲ್ಲೇ ಇದೆ. ಅದಕ್ಕೂ ಒಂದು ಪಾಠ ಹುಡುಕಿಕೊಡುತ್ತೇನೆ ಎಂದು ಭಾವ ಬಂದರೆ ಅದನ್ನೇ ಕಿತ್ತು ಕೈಗೆ ಕೊಡುತ್ತೇನೆ.